ಏಳನೇ ಮನೆಯಲ್ಲಿ ನಿಂತ ಹಲಗೆ

ಕಸದ ಚೀಲದ ಬಾಯಿ ಕಟ್ಟುತ್ತಿದ್ದಾಗ ಅಬುಕಾವಾನಿಗೆ, ಇದನ್ನು ಬೀದಿ ಮೂಲೆಯಲ್ಲಿ ಕಾಗೆ ಕೆದಕದಂತೆ ಕಸಕ್ಕೆ ಹೊದಿಸಿದ ಬಲೆಯ ಕೆಳಗಿಟ್ಟು ಬರುವಷ್ಟರಲ್ಲಿ ಯಾರಾದರೂ ಎದುರಾಗಿ ಹಲಗೆಯ ಮಾತೆತ್ತಿದರೆ ಏನು ಹೇಳುವುದು ಎಂಬ ಯೋಚನೆ ಬಂದು ಕೈ ನಿಂತಿತು. ಸುತ್ತೋಲೆಯ ಹಲಗೆ ಅವನ ಮನೆಗೆ ಬಂದು ಆರು ದಿನ ಕಳೆದಿತ್ತು. ಕೇರಿಯಲ್ಲಿ ಹನ್ನೊಂದು ಮನೆಗಳು. ಪುರಸಭೆಯ ಕಾಗದಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದ ಆ ಹಲಗೆ ಒಂದನೇ ಮನೆಯಿಂದ ಹೊರಟು, ಪ್ರತಿ ಮನೆಯಲ್ಲೂ ಒಂದು ಸಹಿ ಹಾಕಿಸಿಕೊಂಡು, ಹೆಚ್ಚೆಂದರೆ ಎರಡು ದಿನ ಉಳಿದು, ಮುಂದಿನ ಮನೆಗೆ ಹೋಗಬೇಕು. ಹಿಂದಕ್ಕೆ ಹೋಗುವುದಿಲ್ಲ, ಮನೆ ಬಿಟ್ಟು ಹಾರುವುದಿಲ್ಲ. ಅವನದು ಏಳನೆಯದು. ಓದಿಲ್ಲವೆನ್ನಲು ಸಾಧ್ಯವಿರಲಿಲ್ಲ, ಸಹಿಯನ್ನು ಬಂದ ದಿನವೇ ಹಾಕಿದ್ದ. ಕಾಯಿಲೆ ಎನ್ನಬಹುದಿತ್ತು, ಆದರೆ ಕಾಯಿಲೆ ಎಂದ ಕೂಡಲೇ ಯಾರಾದರೂ ಗಂಜಿ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮರೆತೆ ಎನ್ನುವುದೇ ಸರಿ. ಎಪ್ಪತ್ತೊಂದರ ಗಂಡಸು, ಹೆಂಡತಿ ಸತ್ತು ಐದು ತಿಂಗಳು, ಮರೆತೆ ಎಂದರೆ ಎಲ್ಲರೂ ನಂಬುತ್ತಾರೆ. ನಂಬುವುದಷ್ಟೇ ಅಲ್ಲ, ಒಳಗೊಳಗೇ ಸ್ವಲ್ಪ ಸಮಾಧಾನವನ್ನೂ ಪಡುತ್ತಾರೆ.

ಮಾರ್ಚಿನ ಹಿಮ ಬೀದಿಯ ಎರಡೂ ಬದಿಗೆ ಮಸಿ ಹಿಡಿದ ಗೋಡೆಯ ಹಾಗೆ ನಿಂತಿತ್ತು, ಅದರ ಬುಡದಲ್ಲಿ ನೀರು ಹರಿಯುವ ಸಣ್ಣ ಸದ್ದು. ಮೂಲೆಯಲ್ಲಿ ಆರನೇ ಮನೆಯ ಇಶಿಗಾಕಿ ಬಲೆಯ ಅಂಚನ್ನು ಎತ್ತಿ ಹಿಡಿದು ಕಾಗೆಗಳನ್ನು ಬೈಯುತ್ತಿದ್ದ. ಮೊದಲು ಕ್ಷೌರದಂಗಡಿ ಇಟ್ಟಿದ್ದವನು. ಈಗ ಅಂಗಡಿ ಮುಚ್ಚಿದ್ದರೂ ಹಳೆಯ ಗಿರಾಕಿಗಳಿಗೆ ಮನೆಯಲ್ಲೇ ಕತ್ತರಿ ಆಡಿಸುತ್ತಾನೆ, ನಾಲಿಗೆಯನ್ನಂತೂ ಎಲ್ಲರ ಮೇಲೂ ಆಡಿಸುತ್ತಾನೆ.

"ಓಹೋ, ಮೇಷ್ಟ್ರೇ! ಹಲಗೆ ನಿಮ್ಮನೇಲಿ ಚಳಿಗಾಲದ ನಿದ್ದೆ ಹೊಡೀತಿದೆಯಂತೆ? ಗುಡ್ಡದ ಮೇಲೆ ಕರಡಿಗಳೇ ಎದ್ದಾಯ್ತಂತೆ, ಅದಿನ್ನೂ ಎದ್ದಿಲ್ವಾ?"

"ಕೊಡ್ತೀನಿ. ಇವತ್ತು ಕೊಡ್ತೀನಿ."

"ನಂಗೇನು ಅವಸರ, ನನ್ನ ಸಹಿ ಆಗೋಗಿದೆ. ಅಂದಹಾಗೆ ಗಾಳ ಕೊಟ್ರಲ್ಲ, ಮೂರು ಗಾಳ, ಅಷ್ಟು ಒಳ್ಳೇವು. ಮೊಣಕಾಲು ಯಾರು ಕೊಡ್ತಾರೆ? ನಾನು ಹೊಳೆಗಿಳಿದ್ರೆ ಮೀನೇ ನನ್ನ ಹೊತ್ಕೊಂಡು ದಡಕ್ಕೆ ಬರ್ಬೇಕು." ತನ್ನ ಮಾತಿಗೆ ತಾನೇ ನಕ್ಕು, ಇಶಿಗಾಕಿ ಅವನ ತಲೆಯನ್ನು ಕಸುಬಿನವನ ಕಣ್ಣಿನಿಂದ ನೋಡಿದ. "ಕೂದಲು ಕಿವಿ ಮುಚ್ಚಿದೆ. ಬನ್ನಿ ಮಾರಾಯ್ರೇ, ಕಾಸು ಬೇಡ. ಹೀಗೇ ಬಿಟ್ರೆ ಪಿಟೀಲು ಬಾರಿಸೋರ ಹಾಗೆ ಕಾಣ್ತೀರಿ."

"ಮುಂದಿನ ತಿಂಗಳು ಬರ್ತೀನಿ," ಎಂದ ಅಬುಕಾವಾ. ಎಂದ ಮೇಲೆ, ಮುಂದಿನ ತಿಂಗಳು ಎಂಬ ಮಾತು ಬಾಯಿಂದ ಹೊರಬಿದ್ದರೂ ಅದರ ಹಿಂದೆ ಯಾವ ಚಿತ್ರವೂ ಇಲ್ಲ ಎನ್ನುವುದನ್ನು ಗಮನಿಸಿದ. ಸಾಮಾನ್ಯವಾಗಿ ಏಪ್ರಿಲ್ ಎಂದರೆ ಏನಾದರೊಂದು ಕಾಣಿಸಬೇಕು, ಕಾಲುವೆಯ ದಡದ ಚೆರ್ರಿ ಹೂವೋ, ಶಾಲೆಯ ಹೊಸ ಮಕ್ಕಳ ದೊಡ್ಡ ಬ್ಯಾಗುಗಳೋ. ಅವನಿಗೆ ಕಂಡದ್ದು ಬಿಳಿ. ಹಿಮದ ಬಿಳಿಯಲ್ಲ, ಇನ್ನೂ ಏನನ್ನೂ ಬರೆಯದ ಕಾಗದದ ಬಿಳಿಯೂ ಅಲ್ಲ. ಪುಸ್ತಕ ಮುಗಿದ ಮೇಲೆ ರಟ್ಟಿಗೂ ಕೊನೆಯ ಪುಟಕ್ಕೂ ನಡುವೆ ಇರುವ, ಯಾರೂ ಓದದ ಆ ಹಾಳೆಯ ಬಿಳಿ. ಅದು ಹೆದರಿಕೆ ಹುಟ್ಟಿಸಲಿಲ್ಲ. ಹೆದರಿಕೆ ಹುಟ್ಟಿಸಲಿಲ್ಲವೆಂಬುದನ್ನೂ ಅವನು, ಬೇರೊಬ್ಬರ ಜ್ವರ ನೋಡುವ ಹಾಗೆ, ನೋಡಿ ಇಟ್ಟುಕೊಂಡ.

ಮನೆಗೆ ಬಂದು ಬೂಟು ಬಿಟ್ಟು, ಅಡಿಯಲ್ಲಿ ಶಾಖವಿರುವ, ಕಂಬಳಿ ಹೊದಿಸಿದ ಗಿಡ್ಡ ಬಿಸಿಮೇಜಿನೊಳಗೆ ಕಾಲು ತೂರಿಸಿದ. ಹಲಗೆ ಎದುರಿಗೇ ಇತ್ತು. ಏಪ್ರಿಲ್‌ನಿಂದ ಕೇರಿಯ ಮುಖ್ಯಸ್ಥರ ಸರದಿ ಯಾರದೆಂಬ ಪಟ್ಟಿ, ಹಿಮ ತೆಗೆಯುವ ಯಂತ್ರದ ಕೊನೆಯ ಓಡಾಟದ ದಿನ, ಬೆಕ್ಕು ಕಳೆದುಹೋದವರ ಒಂದು ಚೀಟಿ, ಎಲ್ಲದರ ಕೆಳಗೆ ಹಳದಿ ಕಾಗದ. ಮಾರ್ಚಿನಲ್ಲಿ ಪ್ರತಿ ವರ್ಷವೂ ಬರುತ್ತದೆ, ಆತ್ಮಹತ್ಯೆ ತಡೆಯುವ ತಿಂಗಳು ಎಂದು. ಬೇರೆ ವರ್ಷ ಅಚ್ಚಾದ ನುಣುಪು ಕಾಗದ ಬರುತ್ತಿತ್ತು, ಎರಡು ಕೈಗಳ ನಡುವೆ ಒಂದು ಮೊಳಕೆಯ ಚಿತ್ರ, ಓದುವ ಮೊದಲೇ ಕಣ್ಣು ಜಾರಿಹೋಗುವಂಥದು. ಈ ಸಲದ್ದು ಊರಿನಲ್ಲೇ ಯಾರೋ ಮಾಡಿದ್ದು, ಸಾಲುಗಳು ಸ್ವಲ್ಪ ಓರೆ. ಯಾರಿಗಾದರೂ ಕಷ್ಟವಾಗುತ್ತಿದೆಯೆಂದು ಹೇಗೆ ತಿಳಿಯುವುದು ಎಂದು ಎಂಟು ಸಾಲು, ಪ್ರತಿ ಸಾಲಿನ ಮುಂದೂ ಒಂದು ಸಣ್ಣ ಚೌಕ. ಅದರ ಕೆಳಗೆ ಆರೋಗ್ಯ ಕೇಂದ್ರದ ಫೋನ್ ಸಂಖ್ಯೆ, ನರ್ಸ್ ಮೊಗಾಮಿಯವರ ಹೆಸರು. ಮುಚ್ಚಿಹೋದ ಶಿಶುವಿಹಾರದ ಕಟ್ಟಡದಲ್ಲಿ ಮಂಗಳವಾರ ಶುಕ್ರವಾರ ಚಹಾ, ಮಾತಾಡಲು ಇಷ್ಟವಿಲ್ಲದವರೂ ಬರಬಹುದು. ಎಲ್ಲಕ್ಕೂ ಕೊನೆಗೆ ಒಂದು ಸಾಲು, ದಪ್ಪ ಅಕ್ಷರದಲ್ಲಿ. ಹಲಗೆ ಒಂದೇ ಮನೆಯಲ್ಲಿ ನಿಂತುಬಿಟ್ಟರೆ ಚೀಟಿ ಬರೆಯಬೇಡಿ, ಹೋಗಿ ಬಾಗಿಲು ತಟ್ಟಿ.

ಆ ಸಾಲನ್ನು ಮೊದಲ ಸಲ ಓದಿದಾಗ ಅವನ ಕಿವಿ ಬಿಸಿಯಾಗಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ತಪ್ಪು ಸೂತ್ರ ಬರೆದು, ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಸರಿಯಾದುದನ್ನು ಹೇಳಿದಾಗ ಹೀಗಾಗುತ್ತಿತ್ತು. ಚೀಟಿ ಎಂದು ಹೇಗೆ ಗೊತ್ತಾಯಿತು ಇವರಿಗೆ? ಮೂರು ವರ್ಷಗಳ ಹಿಂದೆ ಸರದಿಯ ಮುಖ್ಯಸ್ಥನಾಗಿದ್ದವನು ಅವನೇ. ಆಗ ಜನವರಿ, ಹಲಗೆ ಎಂಟನೇ ಮನೆಗೆ ಹೋಗಿ ಒಂಬತ್ತು ದಿನ ನಿಂತಿತ್ತು. ಎಂಟನೇ ಮನೆ ಯಾಸುಜಿಯದು, ಸುಗಾವಾರಾ ಯಾಸುಜಿ, ಮರ ಕೊಯ್ಯುವ ಕಾರ್ಖಾನೆಯಲ್ಲಿ ಗರಗಸ ಸಾಣೆ ಹಿಡಿಯುತ್ತಿದ್ದು ನಿವೃತ್ತನಾದವನು, ಇಪ್ಪತ್ತಾರು ವರ್ಷ ಬೇಲಿಯ ಆಚೆಗೆ ಕೆಮ್ಮಿದವನು. ಒಂಬತ್ತನೆಯ ದಿನ ಅಬುಕಾವಾ ಒಂದು ಚೀಟಿ ಬರೆದ. ಹಲಗೆಯನ್ನು ಬೇಗ ದಾಟಿಸಿ ಎಲ್ಲರಿಗೂ ಸಹಕರಿಸಬೇಕೆಂದು ಕೋರಿಕೆ. ಹೆಸರು ಬರೆದಿರಲಿಲ್ಲ. ಮಡಿಸಿ, ಬಾಗಿಲ ಸಂದಿಯಲ್ಲಿ ಸಿಕ್ಕಿಸಿ, ಯಾರಿಗೂ ತೊಂದರೆಯಾಗದಂತೆ ಹೆಜ್ಜೆ ಸದ್ದು ಮಾಡದೆ ಮರಳಿದ್ದ. ಮರುದಿನವೇ ಯಾಸುಜಿ ಹಲಗೆಯನ್ನು ಒಂಬತ್ತನೇ ಮನೆಗೆ ಕೊಟ್ಟು, ಇವನ ಮನೆಗೆ ಬಂದು, ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಹೊಗೆ ಹಿಡಿಸಿದ ಮೂಲಂಗಿಯ ಉಪ್ಪಿನಕಾಯಿ ಕೊಟ್ಟುಹೋದ. ಒಳಗೆ ಬನ್ನಿ ಎಂದು ಹೆಂಡತಿ ಸೆತ್ಸು ಕರೆದಳು. ಅಬುಕಾವಾ ಕರೆಯಲಿಲ್ಲ. ಆ ವರ್ಷದ ಹಿಮದ ಲೆಕ್ಕವನ್ನು ಗ್ರಾಫಿಗೆ ಇಳಿಸುತ್ತಿದ್ದ, ಕೈಯಲ್ಲಿ ಪೆನ್ಸಿಲ್ ಇತ್ತು, ಅದನ್ನು ಕೆಳಗಿಡಲಿಲ್ಲ. ಹನ್ನೆರಡು ದಿನ ಬಿಟ್ಟು ಯಾಸುಜಿ ತನ್ನ ಜೀವವನ್ನು ತಾನೇ ಕಳೆದುಕೊಂಡ.

ಆಮ್ಲದ ದ್ರಾವಣಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುವ ಪ್ರಯೋಗವನ್ನು ಅವನು ಮೂವತ್ತೆಂಟು ವರ್ಷ ಮಾಡಿಸಿದ್ದ. ನಲವತ್ತು ಹನಿಯವರೆಗೆ ಏನೂ ಆಗುವುದಿಲ್ಲ, ಮಕ್ಕಳು ಆಕಳಿಸುತ್ತಾರೆ, ನಲವತ್ತೊಂದನೆಯ ಹನಿಗೆ ಇಡೀ ಗಾಜಿನ ಪಾತ್ರೆ ಗುಲಾಬಿ ಬಣ್ಣವಾಗುತ್ತದೆ. ಚೀಟಿ ನಲವತ್ತೊಂದನೆಯ ಹನಿ. ಮೂರು ವರ್ಷದಿಂದ ಅವನ ತಲೆಯೊಳಗೆ ಆ ಪಾತ್ರೆ ಗುಲಾಬಿಯಾಗುತ್ತಲೇ ಇತ್ತು, ಸ್ನಾನದ ತೊಟ್ಟಿಯಲ್ಲಿ ಕೂತಾಗ, ಬಸ್ಸಿಗೆ ಕಾಯುವಾಗ. ಸೆತ್ಸುವಿಗೆ ಹೇಳಿರಲಿಲ್ಲ. ಯಾಸುಜಿಯ ಶವಸಂಸ್ಕಾರದ ದಿನ ಸೆತ್ಸು ಏಪ್ರನ್ ಕಟ್ಟಿಕೊಂಡು ಎಂಟನೇ ಮನೆಯ ಅಡುಗೆಮನೆಗೆ ನೇರವಾಗಿ ಹೋದಳು. ಇವನು ಹೊರಗೆ ಗಂಡಸರ ಜೊತೆ ನಿಂತು, ಈ ಸಲ ಮಾಡಿನ ಮೇಲೆ ಹಿಮ ಎಷ್ಟು ಸೆಂಟಿಮೀಟರ್ ಎಂಬ ಮಾತಿಗೆ ತಲೆಯಾಡಿಸಿದ. ಅಂದಿನಿಂದ ಹಲಗೆಯನ್ನು ಯಾಸುಜಿಯ ಹೆಂಡತಿ ಫುಮಿಯ ಕೈಗೆ ಕೊಟ್ಟವನಲ್ಲ. ಅವಳ ಬಾಗಿಲ ಪಕ್ಕದಲ್ಲಿ ಹಳೆಯ ಮರದ ಹಾಲಿನ ಪೆಟ್ಟಿಗೆಯೊಂದಿದೆ, ಹಾಲಿನವನು ಬರುವುದು ನಿಂತು ಯಾವ ಕಾಲವಾಯಿತೋ. ಅದರೊಳಗೆ ಇಟ್ಟು ಬಂದುಬಿಡುತ್ತಿದ್ದ. ಗಂಟೆ ಒತ್ತುವುದಿಲ್ಲ. ನೋವಿರುವವರಿಗೆ ಎದುರು ನಿಂತು ನಗುವ ಕಷ್ಟ ಕೊಡಬಾರದು. ಹಾಗೆಂದು ಅವನು ನಂಬಿದ್ದ, ಕೇರಿಯೂ ನಂಬಿತ್ತು. ಒಂಬತ್ತನೇ ಮನೆಯವರೂ ಅವಳಿಂದ ಹಲಗೆಯನ್ನು ತಮ್ಮ ಗೇಟಿನ ಬಳಿಯೇ ಇಡಿಸಿಕೊಳ್ಳುತ್ತಿದ್ದರು.

ಹಳದಿ ಕಾಗದದ ಕೆಲವು ಸಾಲುಗಳ ಮುಂದೆ ಪೆನ್ಸಿಲ್ ಗುರುತುಗಳಿದ್ದವು. ಅವನೇ ಹಾಕಿದ್ದು, ಎರಡನೆಯ ದಿನ. ಚೌಕ ಕಂಡರೆ ಗುರುತು ಹಾಕುವುದು ಕೈಯ ಅಭ್ಯಾಸ. ಯಾಸುಜಿಗೆ ಇವುಗಳಲ್ಲಿ ಎಷ್ಟಿದ್ದವು, ತನ್ನ ಕಣ್ಣಿಗೆ ಎಷ್ಟು ಬೀಳಬೇಕಿತ್ತು ಎಂದು ಲೆಕ್ಕ ಹಾಕಲು ಕೂತಿದ್ದ. ನಿದ್ದೆ ಬಾರದಿರುವುದು: ಬೆಳಗಿನ ಜಾವ ಮೂರಕ್ಕೆ ಅವನ ಮನೆಯ ದೀಪ ಉರಿಯುತ್ತಿತ್ತು, ಹೌದು. ಊಟ ರುಚಿಸದಿರುವುದು: ವರ್ಷದ ಕೊನೆಯ ಕೂಟದಲ್ಲಿ ತಟ್ಟೆ ಹಾಗೇ ಇತ್ತು, ಹೌದು. ಜನರ ಕಣ್ಣು ತಪ್ಪಿಸುವುದು, ಹೌದು. ಮೆಚ್ಚಿನ ವಸ್ತುಗಳನ್ನು ಕೊಟ್ಟುಬಿಡುವುದು, ಹೌದು. ಇದ್ದಕ್ಕಿದ್ದಂತೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಡುವುದು, ಹೌದು. ತನ್ನಿಂದ ಎಲ್ಲರಿಗೂ ಹೊರೆ ಎನ್ನುವುದು, ಹೌದು. ಆರು. ಎಂಟಕ್ಕೆ ಆರು ಎಂದರೆ ತೇರ್ಗಡೆ, ಎಂದುಕೊಂಡು ತನ್ನ ಹಾಸ್ಯಕ್ಕೆ ತಾನೇ ಅಸಹ್ಯಪಟ್ಟ. ಇಂಥ ಕಾಗದವನ್ನು ಫುಮಿಯ ಹಾಲಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ? ಆ ದಪ್ಪ ಸಾಲನ್ನು ಅವಳು ಓದುವುದು ಹೇಗೆ? ತೆಗೆದುಬಿಡಬಹುದಿತ್ತು, ಆದರೆ ಹಲಗೆಯಿಂದ ಕಾಗದ ತೆಗೆಯುವುದು ಯಾರೂ ಮಾಡುವ ಕೆಲಸವಲ್ಲ. ಆದ್ದರಿಂದ ಹಲಗೆ ಇಲ್ಲೇ. ಕಾರಣ ಚೆನ್ನಾಗಿತ್ತು, ಗಟ್ಟಿಯಾಗಿತ್ತು. ಆದರೆ ಬೆಳಿಗ್ಗೆ ಎದ್ದು ಅವಳ ಬಾಗಿಲಿಗೆ ಐವತ್ತು ಹೆಜ್ಜೆ ನಡೆಯುವುದು ಮೊನ್ನೆ, ನಿನ್ನೆ, ಇವತ್ತು ಸಾಧ್ಯವೇ ಆಗಲಿಲ್ಲ ಎನ್ನುವುದು ಆ ಕಾರಣಕ್ಕಿಂತ ಮೊದಲೇ ಇತ್ತು. ಪರದೆ ಸರಿಸದೆ ಕೂತುಬಿಟ್ಟ ಬೆಳಗುಗಳು. ಸೂಕ್ಷ್ಮದರ್ಶಕವನ್ನು ಶಾಲೆಗೆ ಕೊಟ್ಟಾಗಿತ್ತು. ಪತ್ರಿಕೆ ಮಾರ್ಚ್ ಮೂವತ್ತೊಂದರಿಂದ ಬೇಡವೆಂದು ಹೇಳಿಯಾಗಿತ್ತು. ಸೆತ್ಸುವಿನ ಕಿಮೊನೊಗಳನ್ನು ಅವಳ ತಂಗಿಗೆ, ಪುಸ್ತಕಗಳ ಬೆನ್ನಿಗೆ ಯಾರಿಗೆಂದು ಚೀಟಿ. ಇದೆಲ್ಲ ವಯಸ್ಸಾದವನು ಮಾಡುವ ವಿವೇಕದ ಕೆಲಸ. ಇನ್ನು ಸಾಕು ಎಂಬ ಎರಡು ಮಾತು ಮಾತ್ರ, ಎಲ್ಲಿಂದಲೋ ಬಂದು, ಕೂರಲು ಹೇಳದಿದ್ದರೂ ಕೂತುಕೊಳ್ಳುವ ನೆಂಟನ ಹಾಗೆ ಎದುರಿಗೆ ಕೂತಿರುತ್ತಿತ್ತು.

ಹನ್ನೊಂದರ ಸುಮಾರಿಗೆ ಬಾಗಿಲ ಗಂಟೆ ಬಾರಿಸಿತು. ಅವನು ಅಲುಗಲಿಲ್ಲ. ಎರಡನೆಯ ಸಲ ಬಾರಿಸಲಿಲ್ಲ, ಬಾಗಿಲೇ ಸರಿಯಿತು.

"ಮೇಷ್ಟ್ರೇ, ಇದೀರಾ? ನಾನು, ಪಕ್ಕದ್ಮನೆ."

ಫುಮಿ. ಬಿಸಿಮೇಜಿನ ಕಂಬಳಿಯ ಅಂಚನ್ನು ಅವನ ಕೈ ಹಿಡಿದುಕೊಂಡಿತು. ಸುಮ್ಮನಿದ್ದರೆ ಹೋಗುತ್ತಾಳೆಂದು ಎಣಿಸಿದ, ಹತ್ತರವರೆಗೆ ಎಣಿಸಿದ, ಬೂಟು ನೆಲಕ್ಕೆ ಒರೆಸುವ ಸದ್ದು ಅಲ್ಲೇ ಇತ್ತು. ಎದ್ದು ಹೋಗಬೇಕಾಯಿತು. ಚಪ್ಪಲಿ ಬಿಡುವ ಜಾಗದಲ್ಲಿ ನೀಲಿ ಬೂಟು ತೊಟ್ಟು, ತಲೆಗೆ ಬಟ್ಟೆ ಕಟ್ಟಿ ನಿಂತಿದ್ದಳು. ಮೂರು ವರ್ಷದಲ್ಲಿ ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೆನ್ನೆಯ ಮೇಲೆ ಹೊಸದೊಂದು ಕಂದು ಮಚ್ಚೆಯಿತ್ತು, ಅದು ಯಾವಾಗ ಬಂತೋ.

"ಹಲಗೆಗೆ ಬಂದೆ," ಎಂದಳು. "ಹನ್ನೊಂದನೇ ತಾರೀಕಿಗೆ ನಮ್ಮನೆಗೆ ಬರ್ಬೇಕಿತ್ತು. ಇವತ್ತು ಹದಿನೈದು."

"ತಪ್ಪಾಯ್ತು ಫುಮಿಯವರೇ. ಸ್ವಲ್ಪ ಕೆಲಸ ಇತ್ತು."

"ಏನು ಕೆಲಸ?"

ಈ ಕೇರಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಕೆಲಸವಿತ್ತು ಎಂದರೆ ಹೌದೇ, ಪಾಪ, ತೊಂದರೆ ಕೊಟ್ಟೆ ಎಂದು ತಲೆಬಾಗಿ ಹೊರಡಬೇಕು. ಅವನು ಒಳಗೆ ಹೋಗಿ ಹಲಗೆ ತಂದು, ಕ್ಲಿಪ್ಪನ್ನು ಎತ್ತಿ ಹಳದಿ ಕಾಗದವನ್ನು ಎಳೆಯತೊಡಗಿದ.

"ಇದೊಂದು ಬೇಡ ನಿಮಗೆ. ಓದಬೇಕಾದ್ದೇನೂ ಇಲ್ಲ ಇದರಲ್ಲಿ. ನಾನೇ ಒಂಬತ್ತನೇ ಮನೆಗೆ ಕೊಡ್ತೀನಿ."

"ಯಾವ್ದು, ಹಳದೀದಾ?" ಫುಮಿ ಜೋರಾಗಿ ನಕ್ಕುಬಿಟ್ಟಳು. ಹಲ್ಲಿಗೆ ಕೈ ಅಡ್ಡ ಇಡುವುದನ್ನೂ ಮರೆತು. "ಅಯ್ಯೋ ಮೇಷ್ಟ್ರೇ, ಅದನ್ನ ಮಾಡಿದ್ದೇ ನಾವು! ಮುನ್ನೂರಿಪ್ಪತ್ತು ಹಾಳೆ, ಶಿಶುವಿಹಾರದ ಆ ಪುಟಾಣಿ ಕುರ್ಚಿ ಮೇಲೆ ಕೂತು. ಸೊಂಟ ಇನ್ನೂ ನೆಟ್ಟಗಾಗಿಲ್ಲ. ಕೊನೇ ಸಾಲು ನಾನು ಹೇಳಿದ್ದು. ಮೊಗಾಮಿಯವರು ಬೇಡ, ಪುರಸಭೆಯೋರು ಒಪ್ಪಲ್ಲ ಅಂದ್ರು. ಅದಿಲ್ದಿದ್ರೆ ಚಹಾ ಮಾಡೋಕೆ ಬರಲ್ಲ ಅಂದೆ."

ಅವನು ಕಾಗದವನ್ನು ಅರ್ಧ ಎಳೆದವನು ಹಾಗೇ ಹಿಡಿದು ನಿಂತಿದ್ದ. ಮಂಗಳವಾರ ಶುಕ್ರವಾರ ಅವಳು ಬೆಳಿಗ್ಗೆ ಹೊರಗೆ ಹೋಗುವುದನ್ನು ಕಿಟಕಿಯಿಂದ ಕಂಡಿದ್ದ, ಆಸ್ಪತ್ರೆಗೆಂದುಕೊಂಡಿದ್ದ; ಪಾಪ, ಎಂದುಕೊಂಡಿದ್ದ. ಎದೆಯಲ್ಲಿ ಮೂರು ವರ್ಷ ಇದ್ದ ಮಾತು ಈಗ ಬಂದದ್ದು ತೀರ ಚಿಕ್ಕದಾಗಿ, ಪೆಟ್ಟು ತಿನ್ನಲು ಕೈಚಾಚಿದ ಹುಡುಗನ ದನಿಯಲ್ಲಿ.

"ಆ ಚೀಟಿ ಬರೆದದ್ದು ನಾನು."

"ಗೊತ್ತು. ನಿಮ್ಮ ಅಕ್ಷರ ಯಾರಿಗೆ ಗೊತ್ತಿಲ್ಲ? ನಮ್ಮ ಮಗಳ ಅಂಕಪಟ್ಟಿ ತುಂಬ ಅದೇ ಅಕ್ಷರ." ಅವಳು ಮೆಟ್ಟಿಲ ಅಂಚಿನ ಮೇಲೆ, ಬೂಟಿನಲ್ಲೇ, ಕೂತಳು. "ನಮ್ಮೋರು ನನಗೆ ತೋರಿಸಿದ್ರು. ಮೇಷ್ಟ್ರು ನಂಗೂ ಕೆಂಪು ಶಾಯಿ ಹಾಕಿದಾರೆ ನೋಡು ಅಂದ್ರು."

"ಅದರಿಂದಲೇ..."

"ಅಲ್ಲ." ಅವಳು ಅವನ ಮಾತನ್ನು ಅಲ್ಲೇ ತಡೆದಳು. "ನಾನೂ ಒಂದು ವರ್ಷ ಕಾರಣ ಹುಡುಕಿದೆ ಮೇಷ್ಟ್ರೇ. ಆವತ್ತು ಬೆಳಿಗ್ಗೆ ಸಾರು ಉಪ್ಪಾಗಿತ್ತು, ಅವರು ಏನೂ ಅನ್ನಲಿಲ್ಲ. ಅದಿರಬಹುದಾ ಅಂತ. ಸಾರಿನ ಉಪ್ಪು! ಮೊಗಾಮಿಯವರ ಮುಂದೆ ಅತ್ತುಬಿಟ್ಟೆ. ಅವರಂದ್ರು, ಫುಮಿಯವರೇ, ಇದು ಒಂದರಿಂದ ಆಗೋದಲ್ಲ, ಬೇಕಾದಷ್ಟು ಸೇರಿರುತ್ತೆ, ಅದರಲ್ಲಿ ಕಾಯಿಲೆಯೂ ಇರುತ್ತೆ, ಕಾಯಿಲೆಗೆ ಔಷಧಿ ಇರುತ್ತೆ, ನಮಗೆ ಗೊತ್ತಾಗಲಿಲ್ಲ ಅಷ್ಟೇ ಅಂತ."

ನಲವತ್ತೊಂದನೆಯ ಹನಿಯಲ್ಲಿ ವಿಶೇಷವೇನೂ ಇಲ್ಲ, ಅದು ಒಂದನೆಯ ಹನಿಯಷ್ಟೇ ದೊಡ್ಡದು. ಪ್ರತಿ ವರ್ಷ ತರಗತಿಯಲ್ಲಿ ಅವನೇ ಹೇಳುತ್ತಿದ್ದ ಮಾತು. ಮಕ್ಕಳು ಬಣ್ಣ ನೋಡಿ ಹನಿಯನ್ನು ದೂರುತ್ತಾರೆ, ಅದು ತಪ್ಪು, ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಕಳೆಯುತ್ತೇನೆ. ಹೇಳುತ್ತಿದ್ದದ್ದು ಹೌದು. ಆ ಮಾತನ್ನು ಕಪ್ಪುಹಲಗೆಯ ಮುಂದೆಯೇ ಬಿಟ್ಟು, ತಾನೊಬ್ಬನೇ ಮನೆಗೆ ಬಂದುಬಿಟ್ಟಿದ್ದ.

"ಆದ್ರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು ಫುಮಿ, ಬೂಟಿನ ತುದಿ ನೋಡುತ್ತ. "ಚೀಟಿಗಲ್ಲ, ನಂಗೆ ಸಿಟ್ಟು ಬಂದದ್ದು ಹಾಲಿನ ಪೆಟ್ಟಿಗೆಗೆ. ಮೂರು ವರ್ಷ ನಿಮ್ಮ ಹೆಜ್ಜೆ ಕೇಳಿಸ್ಕೊಂಡಿದೀನಿ. ಬರ್ತೀರಿ, ನಿಲ್ತೀರಿ. ಈಗ ಕರೀತಾರೆ ಅಂತ ನಾನು ಕೆಟಲ್ ಕೂಡ ಇಟ್ಟಿದ್ದುಂಟು. ಮುಚ್ಚಳ ಟಪ್ ಅನ್ನುತ್ತೆ. ಹೋಗ್ತೀರಿ. ನನ್ನ ಮನೆಗೇನು ಅಂಟುರೋಗವಾ?"

"ನಿಮಗೆ ಕಷ್ಟ ಕೊಡಬಾರದು ಅಂತ..."

"ಎಲ್ರೂ ಅದೇ ಅಂದ್ಕೊಂಡ್ರು. ಇಡೀ ಕೇರಿ ಕಷ್ಟ ಕೊಡದೆ ನನ್ನ ಒಬ್ಳನ್ನೇ ಬಿಡ್ತು. ಸೆತ್ಸು ಒಬ್ರು ಬರ್ತಿದ್ರು." ಸೆತ್ಸುವಿನ ಹೆಸರು ಆ ಸಣ್ಣ ಜಾಗದಲ್ಲಿ ಇನ್ನೊಬ್ಬರು ಬಂದು ನಿಂತಂತೆ ಆಯಿತು. ಫುಮಿ ಗಂಟಲು ಸರಿಮಾಡಿಕೊಂಡು ಕೈಚಾಚಿದಳು. "ಇರ್ಲಿ, ಕೊಡಿ. ಇಲ್ಲೇ ಸಹಿ ಹಾಕಿಬಿಡ್ತೀನಿ."

ಕೊಟ್ಟ ಮೇಲೆ ಅವನಿಗೆ ಗುರುತುಗಳ ನೆನಪಾಯಿತು. ಆಗಲೇ ಅವಳು ಕನ್ನಡಕ ಏರಿಸಿ, ಹೊರಗಿನ ಬೆಳಕಿಗೆ ಹಿಡಿದು, ಎಂಟು ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದಳು. 

"ಇದು ಯಾರದು?"

"ಯಾಸುಜಿಯವರದು," ಎಂದ. "ಅಂದ್ರೆ, ಆಗ ನನ್ನ ಕಣ್ಣಿಗೆ ಏನೇನು ಬೀಳಬೇಕಿತ್ತು ಅಂತ... ಸುಮ್ಮನೆ. ಕ್ಷಮಿಸಿ."

"ನಮ್ಮೋರದ್ದಾ?" ಅವಳ ಬೆರಳು ನಾಲ್ಕನೆಯ ಸಾಲಿನ ಮೇಲೆ ನಿಂತಿತು. "ಮೆಚ್ಚಿನ ವಸ್ತುಗಳನ್ನ ಕೊಟ್ಟುಬಿಡೋದು. ಮೇಷ್ಟ್ರೇ, ಅವರು ಮುರಿದ ಛತ್ರಿನೂ ಬಿಸಾಕಿದೋರಲ್ಲ. ಕೊಟ್ಟಿಗೆ ತುಂಬ ಹಳೇ ಗರಗಸದ ತುಂಡು, ಇವತ್ತಿಗೂ ಹಾಗೇ ಇದೆ." ಬೆರಳು ಕೆಳಗಿಳಿಯಿತು. "ಒಪ್ಪವಾಗಿ ಜೋಡಿಸಿಡೋದು. ಅವರಾ? ಸತ್ತ ದಿನ ಮೇಜಿನ ಮೇಲೆ ಸಾಕ್ಸ್ ಇತ್ತು." ಅವಳು ಈಗ ತಲೆಯೆತ್ತಿ, ಅವನ ಹಿಂದಕ್ಕೆ, ತೆರೆದ ಬಾಗಿಲಿನೊಳಗೆ ನೋಡಿದಳು. ಖಾಲಿ ಕಪಾಟು, ಸಾಲಾಗಿ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು, ಪುಸ್ತಕಗಳ ಬೆನ್ನಿನ ಬಿಳಿ ಚೀಟಿಗಳು. "ಇಶಿಗಾಕಿಯವರಿಗೆ ಗಾಳ ಕೊಟ್ರಂತೆ."

ಅವನು ಕಾಗದ ನೋಡಿದ. ತನ್ನದೇ ಪೆನ್ಸಿಲ್, ತನ್ನದೇ ಗುರುತು, ಎಡದಿಂದ ಬಲಕ್ಕೆ ಏರುವ ಸಣ್ಣ ಬಾಲ. ಮೂವತ್ತೆಂಟು ವರ್ಷ ಬೇರೆಯವರ ಉತ್ತರಪತ್ರಿಕೆ ನೋಡಿದವನು ತನ್ನದೇ ಉತ್ತರಪತ್ರಿಕೆಯನ್ನು ಇನ್ನೊಬ್ಬನ ಹೆಸರಿನಲ್ಲಿ ತಿದ್ದಿದ್ದ. ನಾಚಿಕೆಯಾಯಿತು. ಭಯವಲ್ಲ, ದುಃಖವೂ ಅಲ್ಲ, ಮೊದಲು ಬಂದದ್ದು ನಾಚಿಕೆ, ಬಟ್ಟೆ ಬದಲಿಸುವಾಗ ಬಾಗಿಲು ತೆರೆದವರ ಮುಂದೆ ಆಗುವಂಥದು. ಕಾಗದವನ್ನು ಕಿತ್ತುಕೊಂಡು, ವಯಸ್ಸಾಯಿತಲ್ಲ, ಮನೆ ಚೊಕ್ಕಟ ಮಾಡುತ್ತಿದ್ದೇನೆ ಅಷ್ಟೇ, ಎಂದು ನಗಬಹುದಿತ್ತು. ನಗಲು ಬೇಕಾದ ಸ್ನಾಯುಗಳನ್ನು ಸಿದ್ಧ ಮಾಡಿಕೊಂಡ ಕೂಡ. ಅವಳು ಆ ನಗುವಿಗೆ ತಲೆಬಾಗಿ ಹೊರಡುವವಳಲ್ಲ ಎಂದು ಅವಳ ಕೂತ ರೀತಿಯೇ ಹೇಳುತ್ತಿತ್ತು.

"ನೇರವಾಗಿ ಕೇಳ್ತೀನಿ," ಎಂದಳು ಫುಮಿ.  ಎಲ್ಲೋ ಕೂತು ಅಭ್ಯಾಸ ಮಾಡಿದ ಮಾತು, ನಿಜವಾಗಿ ಆಡುವುದು ಇದೇ ಮೊದಲಿರಬೇಕು. "ಕೇಳಿದ್ರೆ ಇಲ್ಲದ್ದು ಹುಟ್ಟಲ್ಲ ಅಂತ ಕಲಿಸಿದಾರೆ. ಸತ್ತುಹೋಗ್ಬೇಕು ಅಂತ ಅನ್ನಿಸ್ತಿದೆಯಾ ಮೇಷ್ಟ್ರೇ?"

ಆ ಪ್ರಶ್ನೆಯನ್ನು ಅವನು ತನಗೇ ಈ ಪದಗಳಲ್ಲಿ ಕೇಳಿಕೊಂಡಿರಲಿಲ್ಲ. ಇನ್ನು ಸಾಕು ಎನ್ನುವುದು ಬೇರೆ, ಅದಕ್ಕೆ ಮೈಯಿಲ್ಲ. ಇದಕ್ಕೆ ಮೈಯಿತ್ತು, ನೀಲಿ ಬೂಟಿತ್ತು, ಕೆನ್ನೆಯ ಮೇಲೆ ಮಚ್ಚೆಯಿತ್ತು, ಉತ್ತರಕ್ಕೆ ಕಾಯುತ್ತಿತ್ತು. ಸುಳ್ಳು ಹೇಳಲು ಒಂದು ಕ್ಷಣ ಸಾಕಿತ್ತು; ಆದರೆ ತಪ್ಪು ಅಳತೆಯನ್ನು ಸರಿ ಎಂದು ಬರೆಯುವುದು ಅವನ ಕೈಯಿಂದ ಎಂದೂ ಆದದ್ದಲ್ಲ.

"ದಿನಾ ಇಲ್ಲ," ಎಂದ.

ಅವಳು ಕೂಗಾಡಲಿಲ್ಲ, ಕೈ ಹಿಡಿಯಲಿಲ್ಲ. ಬಗ್ಗಿ ಬೂಟುಗಳನ್ನು ಒಂದೊಂದಾಗಿ ಕಳಚಿ, ಮೇಲೆ ಹತ್ತಿ, ಕೂತಳು. "ಯಾವಾಗ ಅನ್ನಿಸುತ್ತೆ?"

ಅವನು ಯೋಚಿಸಿದ. ನಿಖರವಾಗಿ ಹೇಳಬೇಕಿತ್ತು. "ಅನ್ನ ಆದಾಗ. ಮುಚ್ಚಳ ತೆಗೆದಾಗ. ಇಬ್ಬರಿಗಾಗುವಷ್ಟಿರುತ್ತೆ. ಅಳತೆ ಗೊತ್ತಿಲ್ಲ ಅಂತಲ್ಲ, ಒಬ್ಬನಿಗೆ ಎಷ್ಟು ಅಂತ ಗೊತ್ತು. ಕೈ ಮಾತ್ರ ಇನ್ನೊಂದು ಲೋಟ ಹಾಕುತ್ತೆ. ಆಮೇಲೆ ಆ ಇನ್ನೊಂದು ಲೋಟದ ಅನ್ನ... ಅದನ್ನ ನೋಡ್ತಾ ಕೂತಿರ್ತೀನಿ. ಆಗ."  ಕಣ್ಣಿನಿಂದ ನೀರು ಬರುತ್ತಿದೆಯೆಂದು ಅವನಿಗೆ ಗೊತ್ತಾದದ್ದು ಅದು ಗಲ್ಲದಿಂದ ಕೈಮೇಲೆ ಬಿದ್ದಾಗ.

"ಇವತ್ತು ಮಾಡಿದೀರಾ?"

"ಇಲ್ಲ. ಮೂರು ದಿನದಿಂದ ಮಾಡಿಲ್ಲ."

"ಮೂರು ದಿನದಿಂದ ಏನು ತಿಂದ್ರಿ, ಗಾಳಿನಾ?" ಎಂದು ಗದರಿ, ಫುಮಿ ತನ್ನ ಕಣ್ಣನ್ನೂ ತೋಳಿನಿಂದ ಒರೆಸಿಕೊಂಡಳು. "ನೋಡಿ, ನಾನು ನರ್ಸ್ ಅಲ್ಲ. ನಂಗೆ ಚಹಾ ಮಾಡೋಕೆ, ಕೇಳಿಸ್ಕೊಳ್ಳೋಕೆ ಬರುತ್ತೆ, ಅಷ್ಟೇ. ಮೊಗಾಮಿಯವರಿಗೆ ಈಗಲೇ ಫೋನ್ ಮಾಡ್ತೀನಿ. ನಿಮ್ಮ ಮುಂದೇನೇ ಮಾಡ್ತೀನಿ, ಬೆನ್ನ ಹಿಂದೆ ಅಲ್ಲ. ಅವರು ಬರೋತನಕ ನಾನು ಇಲ್ಲಿಂದ ಏಳಲ್ಲ. ಆಗುತ್ತಾ?"

ಆಗುತ್ತದೆ ಎಂದು ಹೇಳಲು ಅವನಿಂದ ಆಗಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವಳು ಗೋಡೆಯ ಪಕ್ಕದ ಫೋನಿನ ಬಳಿ ಹೋಗಿ, ಹಳದಿ ಕಾಗದವನ್ನು ದೂರ ಹಿಡಿದು ಸಂಖ್ಯೆಯನ್ನು ಒಂದೊಂದೇ ಗಟ್ಟಿಯಾಗಿ ಓದುತ್ತ ಒತ್ತಿದಳು. ಅವಳೇ ಮಾಡಿದ ಕಾಗದ, ಆದರೂ ಸಂಖ್ಯೆ ಬಾಯಿಗೆ ಬರುತ್ತಿರಲಿಲ್ಲ. ಆಚೆ ಯಾರೋ ಎತ್ತಿದರು. "ಮೊಗಾಮಿಯವರೇ, ನಾನು ಫುಮಿ. ಏಳನೇ ಮನೇಲಿದೀನಿ... ಹೂಂ, ಕೇಳಿದೆ. ಹೂಂ, ನೇರವಾಗೇ ಕೇಳಿದೆ... ಹೇಳಿದ್ರು... ಇಲ್ಲೇ ಇದಾರೆ, ಕೊಡ್ತೀನಿ." ರಿಸೀವರನ್ನು ಅವನ ಕೈಗಿಟ್ಟು, ಅವನು ಹಿಡಿದಿದ್ದಾನೆಂದು ಒಂದು ಕ್ಷಣ ನಿಂತು ಖಾತ್ರಿ ಮಾಡಿಕೊಂಡು, ಅಡುಗೆಮನೆಗೆ ನಡೆದಳು. ಅಕ್ಕಿಯ ಡಬ್ಬದ ಮುಚ್ಚಳ ತೆಗೆಯುವ ಸದ್ದಾಯಿತು, ನಲ್ಲಿ ಬಿಟ್ಟ ಸದ್ದಾಯಿತು.

"ಅಬುಕಾವಾ ಮೇಷ್ಟ್ರಾ?" ಹೆಂಗಸಿನ ದನಿ, ನಡುವಯಸ್ಸಿನದು, ಓಡಿಬಂದಂತೆ ಸ್ವಲ್ಪ ಏದುಸಿರು. "ನಾನು ಮೊಗಾಮಿ. ಕಾರಿನ ಬೀಗದ ಕೈ ಕೈಯಲ್ಲೇ ಇದೆ, ಅರ್ಧ ಗಂಟೇಲಿ ಅಲ್ಲಿರ್ತೀನಿ. ಅಲ್ಲಿತನಕ ನೀವು ಹೇಳಿ, ಕಾರಲ್ಲೂ ಫೋನ್ ಸ್ಪೀಕರಿಗೆ ಹಾಕಿ ಕೇಳ್ತಿರ್ತೀನಿ."

ಅವನು ಬಾಯಿ ತೆರೆದ. ಮೂವತ್ತೆಂಟು ವರ್ಷ ಅವನು ಪ್ರಶ್ನೆ ಕೇಳಿದವನು, ಉಳಿದವರು ಎದ್ದು ನಿಂತು ಹೇಳಿದವರು. ಎಲ್ಲಿ ಮೊದಲು, ಯಾವುದು ಎರಡನೆಯದು, ಯಾವುದನ್ನು ಬಿಡಬಹುದು, ಒಂದೂ ತಿಳಿಯಲಿಲ್ಲ. 

"ಎಲ್ಲಿಂದ ಶುರು ಮಾಡ್ಲಿ, ಗೊತ್ತಾಗ್ತಿಲ್ಲ," ಎಂದ.

ಫೋನಿನ ಆಚೆಯಿಂದ ಉತ್ತರ ಬರುವ ಮೊದಲೇ ಅಡುಗೆಮನೆಯಿಂದ, ಅಕ್ಕಿ ತೊಳೆಯುವ ಸದ್ದನ್ನು ಮೀರಿ, ಫುಮಿ ಕೂಗಿದಳು:

"ಅನ್ನದಿಂದ ಶುರು ಮಾಡಿ ಮೇಷ್ಟ್ರೇ!"